ರೆಂಟನ್: 'ವಿಶ್ವ ಚಾಂಪಿಯನ್' ಬೋರ್ಡ್ ಹಾಕಿದ್ದ ಹಳ್ಳಿಯ ತಂಡ

ರೆಂಟನ್ ಫುಟ್ಬಾಲ್ ಕ್ಲಬ್ ಸ್ಕಾಟ್ಲೆಂಡಿನ ಆರಂಭ ಕಾಲದ ತಂಡಗಳಲ್ಲೊಂದು. 1872ರಲ್ಲಿ ಹುಟ್ಟಿದ್ದು, 1922ರಲ್ಲಿ ಮುಚ್ಚಿಹೋಯಿತು.

ಗ್ಲಾಸ್ಗೋದಿಂದ ವಾಯವ್ಯಕ್ಕೆ, ಲೆವೆನ್ ನದಿಯ ದಡದಲ್ಲಿ ರೆಂಟನ್ ಹಳ್ಳಿಯಿದೆ. ಆಗ ಇಲ್ಲಿಯವರಿಗೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಗಳೇ ಅನ್ನದ ದಾರಿ. ಈ ಕಣಿವೆಯ 'ಟರ್ಕಿ ಕೆಂಪು' ಬಟ್ಟೆ ಹಡಗಿನಲ್ಲಿ ನಮ್ಮ ದೇಶಕ್ಕೂ ಬರುತ್ತಿತ್ತು. ಊರು ಸಣ್ಣದಾದರೂ ತಂಡ ಸಣ್ಣದಲ್ಲ. 1885ರಲ್ಲಿ ನೆರೆಯೂರಿನ ವೇಲ್ ಆಫ್ ಲೆವೆನ್ ತಂಡವನ್ನು ಸೋಲಿಸಿ ಸ್ಕಾಟಿಷ್ ಕಪ್ ಗೆದ್ದಿತು. 1888ರಲ್ಲಿ ಕ್ಯಾಂಬಸ್‌ಲ್ಯಾಂಗ್ ವಿರುದ್ಧ 6-1ರಿಂದ ಗೆದ್ದು ಮತ್ತೆ ಕಪ್ ಎತ್ತಿತು.

ಅದೇ ವರ್ಷ ಮೇ ತಿಂಗಳಲ್ಲಿ ಇಂಗ್ಲೆಂಡಿನ ಎಫ್‌ಎ ಕಪ್ ವಿಜೇತ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಜೊತೆ ಗ್ಲಾಸ್ಗೋದಲ್ಲಿ ಪಂದ್ಯ. ಸುರಿವ ಮಳೆಯಲ್ಲೇ ರೆಂಟನ್ 4-1ರಿಂದ ಗೆದ್ದಿತು. ವಿಶ್ವಕಪ್ ಎಂಬುದು ಇನ್ನೂ ಇಲ್ಲದ ಕಾಲ. ತಮ್ಮ ಟಾಂಟೈನ್ ಪಾರ್ಕ್ ಮೈದಾನದಲ್ಲಿ ಅವರೇ 'ವಿಶ್ವ ಚಾಂಪಿಯನ್' ಎಂದು ಬೋರ್ಡ್ ಹಾಕಿಕೊಂಡರು!

ಆದರೆ ಖುಷಿ ಹೆಚ್ಚು ದಿನ ಉಳಿಯಲಿಲ್ಲ. ಆಗಷ್ಟೇ ಕಣಕ್ಕಿಳಿದಿದ್ದ ಸೆಲ್ಟಿಕ್, ಜೇಮ್ಸ್ ಕೆಲ್ಲಿ ಮತ್ತು ನೀಲ್ ಮೆಕಾಲಮ್ ಇಬ್ಬರನ್ನೂ ಸೆಳೆದುಕೊಂಡಿತು. ಸೆಲ್ಟಿಕ್‌ನ ಮೊತ್ತಮೊದಲ ಗೋಲು ಹೊಡೆದದ್ದು ಇದೇ ಮೆಕಾಲಮ್. ಇಂಗ್ಲೆಂಡಿನಲ್ಲಿ 1885ರಿಂದಲೇ ಆಟಗಾರರಿಗೆ ಸಂಬಳ ಕೊಡಬಹುದಿತ್ತು, ಸ್ಕಾಟ್ಲೆಂಡಿನಲ್ಲಿ ನಿಷೇಧವಿತ್ತು.

1890ರಲ್ಲಿ ಸ್ಕಾಟಿಷ್ ಲೀಗ್ ಶುರುವಾದಾಗ ಅದಕ್ಕಾಗಿ ಓಡಾಡಿದವರಲ್ಲಿ ರೆಂಟನ್ ಕಾರ್ಯದರ್ಶಿ ಪೀಟರ್ ಫೇರ್ಲಿ ಒಬ್ಬರು. ಆದರೆ ಮೊದಲ ಸೀಸನ್ನಿನಲ್ಲಿ ಕೆಲವೇ ಪಂದ್ಯಗಳ ನಂತರ ರೆಂಟನ್ನೇ ಹೊರಗೆ! ಆಟಗಾರರಿಗೆ ಹಣ ಕೊಟ್ಟಿತೆಂದು ಎಡಿನ್‌ಬರೋದ ಸೇಂಟ್ ಬರ್ನಾರ್ಡ್ಸ್ ತಂಡವನ್ನು ಅಮಾನತು ಮಾಡಲಾಗಿತ್ತು. ಆ ತಂಡ ಬೇರೆ ಹೆಸರಿನಲ್ಲಿ ಬಂದಾಗ ರೆಂಟನ್ ಅದರ ಜೊತೆ ಆಡಿದ್ದೇ ತಪ್ಪಾಯಿತು. ಕೋರ್ಟ್ ಮೆಟ್ಟಿಲೇರಿ, ಮರು ವರ್ಷ ಲೀಗಿಗೆ ವಾಪಸಾಯಿತು. 1893ರಲ್ಲಿ ಸಂಬಳದ ಆಟಕ್ಕೆ ಸ್ಕಾಟ್ಲೆಂಡೂ ಒಪ್ಪಿತು. ಎರಡೇ ವರ್ಷ ಕಳೆದು 1895ರ ಕಪ್ ಫೈನಲ್‌ನಲ್ಲಿ ರೆಂಟನನ್ನು 2-1ರಿಂದ ಸೋಲಿಸಿದ್ದು ಅದೇ ಸೇಂಟ್ ಬರ್ನಾರ್ಡ್ಸ್!

ಸಂಬಳದ ಕಾಲದಲ್ಲಿ ಟಿಕೆಟ್ ದುಡ್ಡೇ ಮುಖ್ಯ. ದೊಡ್ಡ ನಗರದ ಕ್ಲಬ್ಬುಗಳಿಗೆ ಜನ ಸೇರುತ್ತಿದ್ದರು, ಹಳ್ಳಿಯಲ್ಲಿ ಎಷ್ಟು ಮಂದಿ ಸೇರಿಯಾರು? 1897ರಲ್ಲಿ ರೆಂಟನ್ ಲೀಗ್ ಬಿಟ್ಟಿತು. ಆಮೇಲೆ ಹೇಗೋ 25 ವರ್ಷ ಉಸಿರು ಹಿಡಿದುಕೊಂಡಿತ್ತು. ಟಾಂಟೈನ್ ಪಾರ್ಕ್ ಇದ್ದ ಜಾಗದಲ್ಲಿ ಈಗ ಮನೆಗಳಿವೆ. ಲೀಗ್ ಬೇಕೆಂದು ಓಡಾಡಿದ ಊರಿಗೆ ಆ ಲೀಗಿನಲ್ಲಿ ಜಾಗ ಉಳಿಯಲಿಲ್ಲ.