ಹಬ್ಸಿ ಸರದಾರನೂ ನಮ್ಮ ನವರಸಪುರವೂ

ಸುಡಾನಿನ ಕಾಲ್ಚೆಂಡಾಟಗಾರರು ಪರದೇಶದ ಮೈದಾನಗಳಲ್ಲಿ ಅನ್ನ ಅರಸುವ ಸುದ್ದಿ ಈಚೆಗೆ ಆಗಾಗ ಕಣ್ಣಿಗೆ ಬೀಳುತ್ತದೆ. 2023ರ ಏಪ್ರಿಲಿನಲ್ಲಿ ಅಲ್ಲಿ ಅಂತರ್ಯುದ್ಧ ಹೊತ್ತಿಕೊಂಡ ಮೇಲೆ ಒಮ್ಡುರ್ಮಾನಿನ ಹೆಸರಾಂತ ತಂಡಗಳಾದ ಅಲ್ ಹಿಲಾಲ್, ಅಲ್ ಮರ್ರೀಖ್ ಎರಡೂ ದೂರದ ಮಾರಿಟೇನಿಯದ ಲೀಗಿನಲ್ಲಿ ಆಡಬೇಕಾಯಿತು. ಆಟಗಾರ ತಂಡ ಬದಲಿಸಿದರೆ ಪತ್ರಿಕೆಗಳು ಅವನು ಇಷ್ಟಕ್ಕೆ ‘ಮಾರಾಟವಾದ’ ಎಂದು ಬರೆಯುವುದುಂಟು. ಆ ಮಾತು ಕಂಡಾಗ, ವಿಜಯಪುರದವನಾದ ನನಗೆ, ಆ ಸೀಮೆಯ ಕಡೆಯಿಂದ ನಿಜವಾಗಿಯೇ ಮಾರಾಟವಾಗಿ ಬಂದವರ ನೆನಪಾಗುತ್ತದೆ.

ಸುಡಾನಿನ ನೆರೆಯ ಅಬಿಸೀನಿಯ, ಎಂದರೆ ಇಂದಿನ ಇಥಿಯೋಪಿಯ, ದಖ್ಖನಿಗೆ ಅನೇಕ ಸರದಾರರನ್ನು ಕೊಟ್ಟಿತು. ಇವರೇ ಹಬ್ಸಿಗಳು. ಎರಡನೆಯ ಇಬ್ರಾಹಿಂ ಆದಿಲ್ ಶಾಹ ಬಾಲಕನಾಗಿದ್ದಾಗ ರಾಜ್ಯದ ಸೂತ್ರ ಹಿಡಿದಿದ್ದ ದಿಲಾವರ ಖಾನ್ ಹಬ್ಸಿ. ಗೋಲಗುಮ್ಮಟದ ಮಹಮ್ಮದ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನನೂ ಹಬ್ಸಿಯೇ. ಅರಸನೊಡನೆ ಒಂದೇ ಆನೆಯನ್ನೇರಿದ ಅವನ ಚಿತ್ರ ಇಂದಿಗೂ ಉಳಿದಿದೆ.

ಆದರೆ ಎಲ್ಲರಿಗಿಂತ ದೊಡ್ಡವನು ಮಲಿಕ್ ಅಂಬರ್. ಸುಮಾರು 1548ರಲ್ಲಿ ಹುಟ್ಟಿದ ಈತನ ಮೊದಲ ಹೆಸರು ಚಾಪು. ಕೈಯಿಂದ ಕೈಗೆ ಮಾರಾಟವಾಗಿ ಬಾಗ್ದಾದು ಮುಟ್ಟಿದ. ಅಲ್ಲಿಯ ಒಡೆಯ ಅಕ್ಷರ ಕಲಿಸಿ ‘ಅಂಬರ್’ ಎಂದು ಕರೆದ. ಬಳಿಕ ಅಹಮದನಗರದ ಪೇಶ್ವೆ ಚಂಗೀಜ್ ಖಾನ್ ಅವನನ್ನು ಕೊಂಡ. ವಿಚಿತ್ರವೆಂದರೆ ಆ ಪೇಶ್ವೆಯೂ ಒಂದು ಕಾಲಕ್ಕೆ ಗುಲಾಮನಾಗಿದ್ದ ಹಬ್ಸಿ! ಒಡೆಯ ಸತ್ತ ಮೇಲೆ ಅಂಬರನಿಗೆ ಬಿಡುಗಡೆ ದೊರೆಯಿತು. ಕುದುರೆ, ಕತ್ತಿಗಳ ಬಲದಿಂದ ಯಾರಲ್ಲಾದರೂ ಸೇವೆ ಹಿಡಿಯಬಹುದಾದ ಸ್ವತಂತ್ರ ಬಂಟನಾಗಿ ಅವನು ನಮ್ಮ ಊರಿಗೆ ಬಂದ. ಕೆಲವು ಕಾಲ ಆದಿಲಶಾಹಿಯ ಚಾಕರಿ ಮಾಡಿದ. ಸಾಕಷ್ಟು ಪ್ರೋತ್ಸಾಹವಿಲ್ಲವೆಂದು 1595ರ ಸುಮಾರಿಗೆ ನೂರೈವತ್ತು ಸವಾರರೊಡನೆ ಅಹಮದನಗರಕ್ಕೆ ಹಿಂತಿರುಗಿದ. ವಿಜಾಪುರ ದರಬಾರು ಆಗ ಕೈಬಿಟ್ಟದ್ದು ಎಂಥವನನ್ನು ಎಂಬುದು ಮುಂದೆ ತಿಳಿಯಿತು.

1600ರಲ್ಲಿ ಮೊಗಲರು ಅಹಮದನಗರದ ಕೋಟೆ ಹಿಡಿದರು. ಅಂಬರ್ ಎರಡನೆಯ ಮುರ್ತಜಾ ನಿಜಾಮ್ ಶಾಹನನ್ನು ಪಟ್ಟಕ್ಕೇರಿಸಿ, ತನ್ನ ಮಗಳನ್ನೂ ಅವನಿಗೆ ಕೊಟ್ಟು, ಕಾಲು ಶತಮಾನ ದಿಲ್ಲಿಯ ಸೇನೆಗಳನ್ನು ಬೆಟ್ಟಗುಡ್ಡಗಳಲ್ಲಿ ಅಲೆದಾಡಿಸಿದ. ಅವನ ಮೇಲೆ ಜಹಾಂಗೀರನಿಗೆ ಎಷ್ಟು ರೋಷವೆಂದರೆ, ಅಂಬರನ ಕಡಿದ ತಲೆಗೆ ತಾನು ಬಾಣ ಬಿಡುವಂತೆ ಚಿತ್ರ ಬರೆಸಿಕೊಂಡ. ಚಿತ್ರದಲ್ಲಿ ಸಿಕ್ಕ ತಲೆ ರಣರಂಗದಲ್ಲಿ ಸಿಗಲಿಲ್ಲ.

1624ರಲ್ಲಿ ವಿಜಾಪುರದ ದಂಡು ಮೊಗಲರ ಜತೆ ಸೇರಿ ಅವನ ಮೇಲೆ ಹೋಯಿತು. ಭಾತವಡಿಯ ಕೆರೆಯ ಒಡ್ಡು ಒಡೆಸಿ, ವೈರಿಯ ಪಾಳೆಯದ ನೆಲವನ್ನು ಕೆಸರುಮಾಡಿ ಅಂಬರ್ ಗೆದ್ದ. ಆಮೇಲೆ ತಾನು ಹಿಂದೆ ಚಾಕರಿ ಮಾಡಿದ್ದ ಈ ಊರಿಗೇ ಮುತ್ತಿಗೆ ಹಾಕಿ, ನವರಸಪುರವನ್ನು ಕೊಳ್ಳೆ ಹೊಡೆದ. ಸಂಗೀತಪ್ರಿಯ ಇಬ್ರಾಹಿಂ 1599ರಲ್ಲಿ ಕಟ್ಟಲಾರಂಭಿಸಿದ್ದ ಹೊಸ ನಗರವದು.

ನಮ್ಮವರಲ್ಲಿ ಅಂಬರನನ್ನು ಊರು ಹಾಳುಮಾಡಿದವನೆಂದು ಮಾತ್ರ ನೆನೆಯುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ದಿಲ್ಲಿಯೊಡನೆ ಕೂಡಿ ನೆರೆಯವನನ್ನು ಮುರಿಯಹೋದ ತಪ್ಪು ವಿಜಾಪುರದ್ದು. ಹಾಗೆಂದು ನವರಸಪುರದ ನಿವಾಸಿಗಳೇನು ಮಾಡಿದ್ದರು ಎಂದು ವಾಚಕರು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

1626ರಲ್ಲಿ ಅಂಬರ್ ತೀರಿಕೊಂಡ; ಖುಲ್ದಾಬಾದಿನಲ್ಲಿ ಗೋರಿಯಿದೆ. ಅವನು ಕಟ್ಟಿದ ಖಡಕಿಯೇ ಮುಂದೆ ಔರಂಗಾಬಾದ್ ಆಯಿತು. ಬಬಲೇಶ್ವರದ ಕಡೆಯಿಂದ ಬರುವವರಿಗೆ ನವರಸಪುರ ಕಾಣಸಿಗದು. ತಿಕೋಟಾದಿಂದ ನಗರಕ್ಕೆ ಬರುವವರು ತೊರವಿಯಲ್ಲಿ ಇಳಿದರೆ, ಸಂಗೀತ ಮಹಲಿನ ಪಾಳುಗೋಡೆಗಳನ್ನು ನೋಡಬಹುದು.