ಗಾಜಿನ ಕಡಲಿನ ಬಾಡಿಗೆದಾರರು

ಹೆಸರಿಗೆ ಸನ್ಯಾಸಿ ಏಡಿ, ಚಿಂತೆಯೆಲ್ಲ ಮನೆಯದೇ! ಪುಣೆಯಲ್ಲಿ ಬಾಡಿಗೆ ಮನೆ ಬದಲಿಸಿ ಸುಸ್ತಾದ ನನಗೆ ಅದರ ಕಷ್ಟ ಬೇಗ ಅರ್ಥವಾಗುತ್ತದೆ.

ಗಾಜಿನ ತೊಟ್ಟಿಯ ಹಳೆಯ ಜಾಡಮಾಲಿ ಬಸವನಹುಳು. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಮೀನು ಸಾಕಿದ್ದ ತೊಟ್ಟಿಯಲ್ಲಿ ಎಲೆ ಕೊಳೆತು ನೀರು ಕೆಟ್ಟಿತು. ಬಸವನಹುಳು ಬಿಟ್ಟ ಮೇಲೆ ತಿಳಿಯಾಯಿತು. ಇದನ್ನು ಆತ 1850ರಲ್ಲಿ ಪ್ರಕಟಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಸಾರ್ವಜನಿಕ ಅಕ್ವೇರಿಯಂ ತೆರೆಯಿತು.

ಈಗ ಪುಟ್ಟ ಹವಳದ ತೊಟ್ಟಿಗೆ ಪಾಚಿ ತಿನ್ನಲೆಂದು ಇಬ್ಬರನ್ನೂ ಬಿಡುತ್ತಾರೆ. ಹುಳು ತನ್ನ ಚಿಪ್ಪನ್ನು ತಾನೇ ಕಟ್ಟುತ್ತದೆ. ಮೆತ್ತನೆ ಹೊಟ್ಟೆಯ ಏಡಿಗೆ ಬೆಳೆದಂತೆಲ್ಲ ದೊಡ್ಡ ಖಾಲಿ ಚಿಪ್ಪು ಬೇಕು. ಸಿಗದಿದ್ದರೆ ಹುಳುವನ್ನೇ ಕೊಂದು ಒಳಹೊಗುವುದುಂಟು. ನಾಲ್ಕಾರು ಅಳತೆಯ ಖಾಲಿ ಚಿಪ್ಪುಗಳನ್ನಿಟ್ಟರೆ ಜಗಳ ಕಡಿಮೆ.

ಊರಿಗೆ ಹೋದಾಗ ಮಲ್ಪೆ, ಕಾರವಾರದ ತೀರದಲ್ಲಿ ಚಿಪ್ಪು ಹೆಕ್ಕುವಾಗಲೂ ನೆನಪಿರಲಿ, ಅದು ಯಾರದೋ ಮುಂದಿನ ಮನೆ.