ಅರ್ಧ ಗೆಲುವಿನ ಲೆಕ್ಕ

ಇಸ್ಪೀಟಿನ ಮಾತೆತ್ತಿದರೆ ನಮ್ಮಲ್ಲಿ ಅನೇಕ ಹೆಂಗಸರು ಮುಖ ಸಿಂಡರಿಸುತ್ತಾರೆ. ಎಲೆಯಾಟದಿಂದ ಹಾಳಾದ ಮನೆಗಳನ್ನು ಕಂಡವರಿಗೆ ಅದು ಸಹಜವೇ. ಆದರೆ ಚರಿತ್ರೆ ಪಾಠ ಹೇಳುವ ನನಗೆ, ಒಂದು ಎಲೆಯಾಟದ ಚರಿತ್ರೆಯೂ ಓದತಕ್ಕದ್ದೆನಿಸಿತು.

ಅಮೆರಿಕದ ನೆವಾಡಾ ರಾಜ್ಯ 1931ರಲ್ಲಿ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಅಲ್ಲಿನ ಲಾಸ್ ವೇಗಸ್‌ನಲ್ಲಿ ಪೋಕರ್ ಬೆಳೆಯಿತು. 1978ರಲ್ಲಿ ಡಾಯ್ಲ್ ಬ್ರನ್ಸನ್ ಎಂಬ ಆಟಗಾರ ಹೊರತಂದ ಹೆಸರಾಂತ ಪುಸ್ತಕದಲ್ಲಿ ಒಮಾಹಾ ಎಂಬ ಬಗೆಗೆ ಅಧ್ಯಾಯವೇ ಇರಲಿಲ್ಲ. 1980ರ ದಶಕದ ಮೊದಲಲ್ಲಿ ರಾಬರ್ಟ್ ಟರ್ನರ್ ಎಂಬಾತ ಅದನ್ನು ಗೋಲ್ಡನ್ ನಗೆಟ್ ಕ್ಯಾಸಿನೊಗೆ ತಂದ. ಮುಂದೆ ಬಂದ ಆ ಪುಸ್ತಕದ ಎರಡನೆಯ ಭಾಗದಲ್ಲಿ ಒಮಾಹಾದ ಹಂಚಿಕೆಯಾಟಕ್ಕೆ ಪ್ರತ್ಯೇಕ ಅಧ್ಯಾಯವೇ ಸಿಕ್ಕಿತು.

ಕೈಗೆ ನಾಲ್ಕು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು. ಕೈಯಿಂದ ಎರಡನ್ನೇ, ನಡುವಿನಿಂದ ಮೂರನ್ನೇ ಬಳಸಬೇಕು. ಹಣದಲ್ಲಿ ಅರ್ಧ ದೊಡ್ಡ ಕೈಗೆ, ಇನ್ನರ್ಧ ಎಂಟರೊಳಗಿನ ಐದು ಬೇರೆಬೇರೆ ಎಲೆಗಳ ಅತಿ ಚಿಕ್ಕ ಕೈಗೆ. ಆದ್ದರಿಂದ ನಾಲ್ಕು ಎಕ್ಕ ಬಂತೆಂದು ಹಿಗ್ಗಬೇಕಾಗಿಲ್ಲ, ಎರಡೇ ಲೆಕ್ಕಕ್ಕೆ. ಒಂಬತ್ತು, ಎಂಟು, ಏಳು, ಆರು ಸಾಲಾಗಿ ಬಂದರೂ ಮೋಸವೇ. ಅವುಗಳ ಚಿಕ್ಕ ಕೈ ಸುಲಭವಾಗಿ ಸೋಲುತ್ತದೆ. ಎರಡು ಎಕ್ಕ, ಒಂದು ಎರಡು, ಒಂದು ಮೂರು, ಅದರಲ್ಲೂ ಎರಡೆರಡು ಒಂದೇ ಬಣ್ಣದವಾದರೆ ಅದಕ್ಕಿಂತ ಮಿಗಿಲಿಲ್ಲ. ಎರಡೂ ಕಡೆ ಗೆಲ್ಲುವ ದಾರಿಯಿರುತ್ತದೆ.

ಬರೀ ಎಕ್ಕ ಮತ್ತು ಎರಡನ್ನು ನಂಬಿದರೇನು ಎನ್ನುತ್ತೀರಾ? ಮೂವರು ನೂರು ನೂರು ಹಾಕಿದರೆಂದುಕೊಳ್ಳಿ, ಒಟ್ಟು 300. ದೊಡ್ಡ ಕೈಗೆ 150. ಇಬ್ಬರ ಬಳಿಯೂ ಅದೇ ಚಿಕ್ಕ ಕೈ ಇದ್ದರೆ ತಲಾ 75. ಗೆದ್ದೆನೆಂದು ಕೈಚಾಚಿದವಳು 25 ಕಳೆದುಕೊಂಡೇ ಏಳುತ್ತಾಳೆ! ಹಾಗಾಗಿ ಬಲ್ಲವರು ಹೆಚ್ಚಿನ ಕೈಗಳನ್ನು ಮೊದಲೇ ಕೆಳಗಿಡುತ್ತಾರೆ.

ಈ ಲೆಕ್ಕ ಹೆಂಗಸರಿಗೆ ದೂರದ್ದಲ್ಲ. ಪೋಕರಿನ ವಿಶ್ವ ಸ್ಪರ್ಧೆಯಲ್ಲಿ 1982ರಲ್ಲಿ ವೆರಾ ರಿಚ್ಮಂಡ್ ಚಿಕ್ಕ ಕೈಯೇ ಗೆಲ್ಲುವ ಆಟದಲ್ಲಿ ಗಂಡಸರನ್ನೆಲ್ಲ ಹಿಂದೆ ಹಾಕಿದರು. 2004ರಲ್ಲಿ ಸಿಂಡಿ ವಯಲೆಟ್ ಹಂಚಿಕೆಯಾಟವೊಂದರಲ್ಲೇ ಗೆದ್ದರು.

ಹಣ ಕಟ್ಟಿ ಆಡಿ ಎಂದು ನಾನು ಯಾರಿಗೂ ಹೇಳಲಾರೆ. ಆದರೆ ಚೀಟಿ, ಸಾಲ, ಪಾಲುದಾರಿಕೆ ಎಂದು ಯಾರಾದರೂ ನಿಮ್ಮನ್ನು ಕರೆದಾಗ ಕೇಳಿಕೊಳ್ಳಿ: ಗೆದ್ದರೂ ನನ್ನ ಪಾಲಿಗೆ ಉಳಿಯುವುದೆಷ್ಟು? ನೂರಿಟ್ಟು ಎಪ್ಪತ್ತೈದು ಪಡೆಯುವುದಾದರೆ, ಎಲೆ ಕೆಳಗಿಟ್ಟು ಏಳುವುದೇ ಜಾಣತನ.